ಕೂಲಿಂಗ್ ಟವರಿಗೆ ಚರಗ

ಚಹಾವನ್ನು ಬಸಿಗೆ ಸುರಿದುಕೊಂಡು ಸೊರ್ರನೆ ಹೀರುವವರನ್ನು ಕಂಡರೆ ನನ್ನ ಹೆಂಡತಿಗೆ ಆಗುವುದಿಲ್ಲ. ಅಂಥವನೊಬ್ಬನ ಕೈಹಿಡಿದು ಇಷ್ಟು ಕಾಲ ಸಂಸಾರ ಮಾಡಿದ ಮೇಲೂ ಆಗುವುದಿಲ್ಲ. ಮೊನ್ನೆ ಶಿಕಾರಿಪುರದಲ್ಲೇ ಒಬ್ಬ ನೆಂಟರ ಮನೆಗೆ ಹೋಗಿದ್ದೆವು. ಈಗಿನ ಮನೆಗಳಲ್ಲಿ ಬಸಿ ಸಿಗುವುದೇ ಅಪರೂಪ. ಎಲ್ಲರೂ ದಪ್ಪ ಕಿವಿಯ ಮಗ್ಗು ಕೊಡುತ್ತಾರೆ, ಅದರಲ್ಲಿನ ಚಹಾ ಆರುವಷ್ಟರಲ್ಲಿ ಆಡಬೇಕಾದ ಮಾತೆಲ್ಲ ಮುಗಿದು ಎದ್ದು ಬರುವ ಹೊತ್ತಾಗಿರುತ್ತದೆ. ಆ ಪುಣ್ಯಾತ್ಮರ ಮನೆಯಲ್ಲಿ ಮಾತ್ರ ಕಪ್ಪಿನ ಕೆಳಗೆ ಬಸಿ ಇತ್ತು. ಸಿಕ್ಕ ಅವಕಾಶ ಬಿಟ್ಟವನು ಕೆಟ್ಟ ಎಂದು ನಾನು ಕಪ್ಪು ಬಗ್ಗಿಸಿದ್ದೇ ತಡ, ತೊಡೆಯ ಮೇಲೊಂದು ಚಿವುಟು ಬಿತ್ತು.

"ಎಂತದ್ರೀ ಇದು, ಬಸ್‌ಸ್ಟ್ಯಾಂಡಿನ ಹೋಟ್ಲಲ್ಲಿ ಕೂತಂಗೆ! ಮರ್ಯಾದಿ ಬ್ಯಾಡ್ದಾ?" ಎಂದು ತುಟಿ ಅಲುಗಿಸದೆ ಕೇಳಿದಳು. ನೆಂಟರೆದುರು ತುಟಿ ಅಲುಗಿಸದೆ ಬೈಯುವ ವಿದ್ಯೆ ನಮ್ಮ ಸೊರಬದ ಕಡೆಯ ಹೆಂಗಸರಿಗೆ ತಾಯಿಯಿಂದಲೇ ಬಂದಿರುತ್ತದೆ.

"ನನ್ನ ಉದ್ಯೋಗವೇ ಇದು ಮಾರಾಯ್ತಿ. ನನಗೆ ಸಂಬಳ ಕೊಡೋದೇ ಬಸಿಗೆ ಸುರಿಯೋದಕ್ಕೆ" ಎಂದೆ.

ನೆಂಟರು ನಕ್ಕರು. ನಾನು ತಮಾಷೆ ಮಾಡಿದೆ ಎಂದುಕೊಂಡರೆಂದು ಕಾಣುತ್ತದೆ. ಆದರೆ ಹೇಳಿದ್ದು ನಿಜ. ನಾನು ಇಲ್ಲಿಗೆ ಹತ್ತಿರದ ಒಂದು ಸಣ್ಣ ವಿದ್ಯುತ್ ಸ್ಥಾವರದಲ್ಲಿ ನೀರು ನೋಡಿಕೊಳ್ಳುವ ಕೆಮಿಸ್ಟು. ನೀರು ನೋಡಿಕೊಳ್ಳುವುದು ಎಂದರೆ ಮುಖ್ಯವಾಗಿ ಕೂಲಿಂಗ್ ಟವರಿನ ನೀರು. ಮತ್ತು ಕೂಲಿಂಗ್ ಟವರ್ ಎಂದರೆ, ಎಷ್ಟೇ ದೊಡ್ಡ ನಕ್ಷೆ ಬರೆದು ತೋರಿಸಿದರೂ, ಕೊನೆಗೊಂದು ಬಸಿ.

ಈ ವಿದ್ಯೆಯನ್ನು ನಾನು ಕಾಲೇಜಿನಲ್ಲಿ ಕಲಿತೆ ಎಂದು ಸರ್ಟಿಫಿಕೇಟು ಹೇಳುತ್ತದೆ. ನಿಜದಲ್ಲಿ ಕಲಿತದ್ದು ಚಂದ್ರಗುತ್ತಿಯ ಹತ್ತಿರದ ನಮ್ಮೂರಿನ ಅಡುಗೆಮನೆಯಲ್ಲಿ. ನನ್ನದು ಹುಟ್ಟಾ ಅವಸರದ ನಾಲಗೆ. ಒಲೆಯಿಂದ ಇಳಿಸಿದ ಗಂಜಿಗೆ ಬಾಯಿ ಹಾಕಿ ಸುಟ್ಟುಕೊಂಡು ಅಳುವುದು ದಿನದ ಕಾರ್ಯಕ್ರಮವಾಗಿತ್ತು. ಅಜ್ಜಿ ಅದನ್ನು ಅಗಲದ ಹಿತ್ತಾಳೆ ತಟ್ಟೆಗೆ ಸುರಿದು, "ಅಂಚಿಂದ ತಿನ್ನು ಮಗಾ, ನಡುವಿಗೆ ಕೈ ಹಾಕ್ಬ್ಯಾಡ" ಎನ್ನುತ್ತಿದ್ದಳು. ಅಜ್ಜನದು ಇನ್ನೊಂದು ರೀತಿ. ಬೆಲ್ಲದ ಕಾಫಿಯನ್ನು ಒಂದು ಲೋಟದಿಂದ ಇನ್ನೊಂದು ಲೋಟಕ್ಕೆ ತಲೆಯ ಎತ್ತರದಿಂದ ಇಳಿಬಿಡುತ್ತಿದ್ದ, ಒಂದು ಹನಿ ಹೊರಗೆ ಚೆಲ್ಲುತ್ತಿರಲಿಲ್ಲ. ಅತ್ತೆಗೆ ಇವರಿಬ್ಬರ ತಾಳ್ಮೆಯೂ ಇರಲಿಲ್ಲ, ಮೊರ ತೆಗೆದುಕೊಂಡು ಗಾಳಿ ಬೀಸಿಬಿಡುತ್ತಿದ್ದಳು. ಎತ್ತರದಿಂದ ಬೀಳಿಸು, ಅಗಲಕ್ಕೆ ಹರಡು, ಗಾಳಿ ಹಾಕು. ಮುಂದೆ ನಾನು ಓದಿದ ಪುಸ್ತಕದಲ್ಲಿ ಈ ಮೂರರ ಹೊರತು ನಾಲ್ಕನೆಯದು ಇರಲಿಲ್ಲ.

ಸ್ಥಾವರದ ಕೆಲಸಕ್ಕೆ ಸಂದರ್ಶನಕ್ಕೆ ಹೋದಾಗ ಇದನ್ನೆಲ್ಲ ಹೇಳಬೇಕೆಂದಿದ್ದೆ. ಆದರೆ ಅಲ್ಲಿದ್ದ ಹಿರಿಯರು ಮೊದಲು ಊರು ಯಾವುದು ಎಂದರು. ಚಂದ್ರಗುತ್ತಿ ಎಂದರೆ ತಿಳಿಯದೇ ಹೋದೀತೆಂದು, ಪ್ರಪಂಚಕ್ಕೇ ಗೊತ್ತಿರುವ ಹೆಸರು ಹೇಳೋಣವೆಂದು, "ಕ್ಯಾಸನೂರಿನ ತಾಲ್ಲೂಕು ಸಾರ್" ಎಂದೆ. ಅವರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು ನನ್ನ ಅಂಗಿಯ ಕಾಲರನ್ನೇ ನೋಡತೊಡಗಿದರು. ಕ್ಯಾಸನೂರಿನ ಕಾಡಿನಲ್ಲೇ ಮೊದಲು ಪತ್ತೆಯಾದ ಮಂಗನ ಕಾಯಿಲೆಯ ಉಣುಗು ಅಲ್ಲಿ ಕೂತಿದೆಯೇನೋ ಎಂಬ ಅನುಮಾನ. ನಮ್ಮ ತಾಲ್ಲೂಕು ವೈದ್ಯರ ಪುಸ್ತಕದಲ್ಲಿ ಹೆಸರು ಮಾಡಿರುವುದರ ಲಾಭ ಇದು. ಬೇಗ ಕಳಿಸಿದರೆ ಸಾಕೆಂದೋ ಏನೋ, ಹೆಚ್ಚು ಪ್ರಶ್ನೆ ಕೇಳದೆ ಕೆಲಸ ಕೊಟ್ಟರು.

ನಮ್ಮ ಸ್ಥಾವರದಲ್ಲಿ ಉರಿಸುವುದು ಮೆಕ್ಕೆಜೋಳದ ದಿಂಡು, ಭತ್ತದ ಹೊಟ್ಟು, ಸಿಕ್ಕರೆ ಕಬ್ಬಿನ ರವದಿ. ರೈತರು ಟ್ರ್ಯಾಕ್ಟರಿನಲ್ಲಿ ತಂದು ಸುರಿಯುತ್ತಾರೆ. ಅದನ್ನುರಿಸಿ ನೀರು ಕಾಯಿಸಿ ಹಬೆ ಮಾಡುವುದು, ಆ ಹಬೆ ನುಗ್ಗಿ ಟರ್ಬೈನ್ ತಿರುಗಿಸುವುದು, ಅಲ್ಲಿಂದ ವಿದ್ಯುತ್ತು. ಇಷ್ಟು ಎಲ್ಲರಿಗೂ ತಿಳಿಯುತ್ತದೆ. ಟರ್ಬೈನ್ ತಿರುಗಿಸಿ ಹೊರಬಿದ್ದ ಹಬೆಯ ಗತಿಯೇನು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಮಾವನವರಿಗೆ ನಾನು ಮದುವೆ ಮನೆಯ ಊಟ ತೋರಿಸಿ ವಿವರಿಸಿದೆ. ಉಂಡವರು ಏಳದಿದ್ದರೆ ಮುಂದಿನ ಪಂಕ್ತಿ ಕೂರುವುದು ಹೇಗೆ? ಕೆಲಸ ಮುಗಿಸಿದ ಹಬೆಯನ್ನು ಬೇಗ ತಣಿಸಿ ನೀರು ಮಾಡಿ ಎಬ್ಬಿಸಿ ಕಳಿಸಬೇಕು, ಆಗಲೇ ಹಿಂದೆ ಬರುವ ಹಬೆಗೆ ಜಾಗ. ಹಾಗೆ ತಣಿಸುವ ನೀರು ತಾನೇ ಬಿಸಿಯಾಗುತ್ತದಲ್ಲ, ಅದನ್ನು ಆರಿಸಿ ಮತ್ತೆ ಕೆಲಸಕ್ಕೆ ಹಚ್ಚುವುದು ಕೂಲಿಂಗ್ ಟವರು. ಅದು ಒಂದು ಗಳಿಗೆ ಕೈಕೊಟ್ಟರೆ ಟರ್ಬೈನ್ ತಾನಾಗಿ ನಿಲ್ಲುತ್ತದೆ. "ಅಂದ್ರೆ ನೀವು ಎಲೆ ಎತ್ತೋರು" ಎಂದು ಮಾವನವರು ಒಂದೇ ಮಾತಿನಲ್ಲಿ ನನ್ನ ಓದನ್ನೂ ಉದ್ಯೋಗವನ್ನೂ ಮುಗಿಸಿದರು.

ಲೋಕದಲ್ಲಿ ಕಾಯಿಸುವವನಿಗೆ ಹೆಸರು, ಆರಿಸುವವನಿಗಿಲ್ಲ. ಆಯುಧಪೂಜೆಯ ದಿನ ಬಾಯ್ಲರಿಗೆ ಆಳೆತ್ತರದ ಹಾರ, ಟರ್ಬೈನಿಗೆ ಬೂದುಗುಂಬಳ. ಕೂಲಿಂಗ್ ಟವರಿಗೆ ಉಳಿದ ನಿಂಬೆಹಣ್ಣು. ಸಾಲದ್ದಕ್ಕೆ ಅಪವಾದ ಬೇರೆ. ಅದರ ನೆತ್ತಿಯಿಂದ ಏಳುವುದು ಬರೀ ನೀರಾವಿ. ಚಳಿಯ ಬೆಳಗಿನಲ್ಲಿ ಬೆಳ್ಳಗೆ ಗುಡ್ಡದಂತೆ ನಿಲ್ಲುತ್ತದೆ, ಬೇಸಿಗೆಯಲ್ಲಿ ಕಣ್ಣಿಗೇ ಕಾಣುವುದಿಲ್ಲ. ಬಸ್ಸಿನಲ್ಲಿ ಹೋಗುವವರು ಅದನ್ನು ಹೊಗೆ ಎಂದೇ ತಿಳಿಯುತ್ತಾರೆ. ಹಾಗಾಗಿ ಚಳಿಗಾಲದಲ್ಲಿ "ಫ್ಯಾಕ್ಟ್ರಿ ಜೋರು ನಡ್ಸ್ಯಾರ" ಎಂದೂ, ಬೇಸಿಗೆಯಲ್ಲಿ ಟವರು ಏದುಸಿರು ಬಿಡುತ್ತ ದುಡಿಯುವಾಗ "ಬಂದ್ ಬಿದ್ದೈತಿ" ಎಂದೂ ಸುದ್ದಿ. ಮಳೆ ಬಾರದಿದ್ದರೆ ನಮ್ಮ ಟವರು ಮೋಡ ಓಡಿಸಿತು ಎನ್ನುತ್ತಾರೆ, ಹೆಚ್ಚಾದರೆ ಇದೇ ಮೋಡ ಮಾಡಿ ಬಿಟ್ಟಿತು ಎನ್ನುತ್ತಾರೆ. ಇಂಥ ಮಾತಿಗೆ ಉತ್ತರ ಕೊಟ್ಟು ಗೆದ್ದವರಿಲ್ಲ.

ಟವರಿನ ಸಹವಾಸದಿಂದಲೋ ಏನೋ, ನನ್ನ ಸ್ವಭಾವವೂ ಹಾಗೇ ಆಯಿತು. ಸ್ಥಾವರದಲ್ಲಿ ಯಾರ ಜಗಳವಾದರೂ ಬಿಸಿ ಬಿಸಿಯಾಗಿ ನನ್ನ ಬಳಿ ಬರುತ್ತದೆ. ನಾನು "ನೋಡೋಣ" ಎನ್ನುತ್ತೇನೆ. ಆ ಒಂದು ಪದದಲ್ಲಿ ಎಂಥ ಬಿಸಿಯೂ ಆರುತ್ತದೆ ಎಂಬುದು ನನ್ನ ನಂಬಿಕೆಯಾಗಿತ್ತು. ಆ ಪದಕ್ಕೂ ಆರದವರು ಒಬ್ಬರಿದ್ದರು. ಅವರೇ ಗೌರವ್ವ.

ನಮ್ಮ ಟವರ್ ನಿಂತಿರುವ ಜಾಗ ಮೊದಲು ಗೌರವ್ವ ಮತ್ತು ಅವರ ಯಜಮಾನರಾದ ಹಾಲಪ್ಪನವರ ಹೊಲ. ಅಂಜನಾಪುರದ ನಾಲೆಯ ನೀರು ಹತ್ತುತ್ತಿದ್ದ ಒಳ್ಳೆಯ ಗದ್ದೆಭೂಮಿ. ಸ್ಥಾವರಕ್ಕೆ ಬೇಕೆಂದಾಗ ಹಾಲಪ್ಪ ಖುಷಿಯಿಂದಲೇ ಕೊಟ್ಟರು. ಬೇರೆ ಕಡೆ ಅದಕ್ಕಿಂತ ಹೆಚ್ಚು ಜಮೀನು ಮಾಡಿಕೊಂಡರು, ಟ್ರ್ಯಾಕ್ಟರ್ ಕೊಂಡರು, ಈಗ ನಮಗೇ ದಿಂಡು ತಂದು ಹಾಕುತ್ತಾರೆ. ಅವರ ಬಗ್ಗೆ ಯಾರೂ ಅಯ್ಯೋ ಎನ್ನಬೇಕಾದ್ದಿಲ್ಲ. ಆದರೆ ಹೊಲ ಕೊಡುವಾಗ ಗೌರವ್ವ ಒಂದು ಮಾತು ತೆಗೆದುಕೊಂಡಿದ್ದರು: ವರ್ಷಕ್ಕೊಮ್ಮೆ ಭೂಮಿ ಹುಣ್ಣಿಮೆಯ ದಿನ ಬಂದು ಭೂಮಿಗೆ ಉಣ್ಣಿಸಲು ಬಿಡಬೇಕು. ಆಗಿದ್ದ ಮ್ಯಾನೇಜರು ಇದೇನು ಮಹಾ ಎಂದು ಒಪ್ಪಿದ್ದರು.

ಭೂಮಿ ಹುಣ್ಣಿಮೆ ಎಂದರೆ ಸೀಗಿ ಹುಣ್ಣಿಮೆಯೇ, ಆ ಹೊತ್ತಿಗೆ ನಮ್ಮಲ್ಲಿ ಭತ್ತ ತೆನೆ ಬಿಡುವ ಮೊದಲು ಹೊಡೆ ತುಂಬಿಕೊಂಡಿರುತ್ತದೆ. ಆಗ ಭೂಮಿತಾಯಿ ಬಸುರಿ ಎಂದು ಲೆಕ್ಕ. ಬಸುರಿಗೆ ಬಯಕೆ ಊಟ ಬೇಕಲ್ಲ, ಅದಕ್ಕೆ ಮನೆಯ ಹೆಂಗಸರು ನಿದ್ದೆಗೆಟ್ಟು ಅಡುಗೆ ಮಾಡುತ್ತಾರೆ. ಬೇಲಿಯ ಮೇಲೆ, ಗುಡ್ಡದಲ್ಲಿ ಸಿಗುವ ನಾನಾ ಸೊಪ್ಪಿನ ಕುಡಿಗಳನ್ನು ಅಕ್ಕಿಯೊಡನೆ ಬೇಯಿಸಿದರೆ ಅದು ಚರಗ. ಬೆಳಗಾಗುವಾಗ ಗಂಡಸರು ಅದನ್ನು ಹೊಲದ ತುಂಬ ಚೆಲ್ಲುತ್ತ ಭೂತಾಯಿಯನ್ನು ಊಟಕ್ಕೆ ಕರೆಯುತ್ತಾರೆ. ಆಮೇಲೆ ಕಡುಬು, ಹೋಳಿಗೆ, ಬುತ್ತಿಯ ಎಡೆಯನ್ನು ಹೊಲದ ಮಣ್ಣಿನಲ್ಲಿ ಹೂಳಬೇಕು. ಅವಳು ಉಂಡ ಮೇಲೆಯೇ ಮನೆಯವರು ಉಣ್ಣುವುದು. ಸೊರಬ ಶಿಕಾರಿಪುರ ಎರಡರಲ್ಲೂ ಇದು ಇದೆ, ಕಡುಬು ಯಾರದ್ದು ರುಚಿ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯ.

ಗೌರವ್ವ ಪ್ರತಿವರ್ಷ ಬರುತ್ತಿದ್ದರು. ಟವರಿನ ಸುತ್ತ ಒಂದು ಪಟ್ಟಿ ಮಣ್ಣು ಉಳಿದಿತ್ತು, ಅಲ್ಲಿ ಹೂಳಿ, ಕೈಮುಗಿದು, ನಮಗೆಲ್ಲ ಒಂದೊಂದು ಹೋಳಿಗೆ ಕೊಟ್ಟು ಹೋಗುತ್ತಿದ್ದರು. ಹೋಳಿಗೆಯ ಕಾರಣಕ್ಕಾದರೂ ಈ ಪದ್ಧತಿ ಉಳಿಯಬೇಕೆಂದು ನಮ್ಮೆಲ್ಲರ ಒಮ್ಮತದ ಅಭಿಪ್ರಾಯವಿತ್ತು.

ಅಷ್ಟರಲ್ಲಿ ಹೊಸ ಮ್ಯಾನೇಜರು ಬಂದರು. ಮೈಸೂರಿನ ಕಡೆಯವರು, ಒಳ್ಳೆಯವರು, ಸುರಕ್ಷತೆಯೆಂದರೆ ಪ್ರಾಣ. ಸುರಕ್ಷತೆಯ ವಿಷಯಕ್ಕೆ ಬೇಕಾದರೆ ಪ್ರಾಣವನ್ನೂ ಕೊಡುವವರು. ಮಣ್ಣಿದ್ದರೆ ಹುಲ್ಲು, ಹುಲ್ಲಿದ್ದರೆ ಹಾವು ಎಂದು ಗೋಡೆಯಿಂದ ಗೋಡೆಗೆ ಕಾಂಕ್ರೀಟು ಹಾಕಿಸಿದರು. ಹೊರಗಿನವರು ಒಳಗೆ ಬರಕೂಡದೆಂದರು. ಬಂದರೂ ತಲೆಗೆ ಹೆಲ್ಮೆಟ್, ಕಾಲಿಗೆ ಬೂಟು ಇಲ್ಲದೆ ಬರಕೂಡದೆಂದರು. ಹೋದ ಸಲ ಹುಣ್ಣಿಮೆ ಹತ್ತಿರವಾದಾಗ ಗೌರವ್ವ ದಿಂಡಿನ ಟ್ರ್ಯಾಕ್ಟರಿನಲ್ಲಿ ಕೂತು ಬಂದು ಲೋಡು ತೂಗುವ ವೇಬ್ರಿಜ್ಜಿನ ಹತ್ತಿರ ನನ್ನನ್ನು ಹಿಡಿದರು.

"ಸಾರ್, ಹುಣ್ಣಿವಿ ಬಂತು. ಒಳಗ ಬಿಡ್ತೀರೋ ಇಲ್ಲೋ, ಒಂದ್ ಮಾತು ಹೇಳಿಬಿಡ್ರಿ."

"ನೋಡೋಣ ಗೌರವ್ವ."

"ನೋಡೋದೇನೈತ್ರಿ ಇದ್ರಾಗ? ನಾ ಮದುವ್ಯಾಗಿ ಬಂದ ದಿನದಿಂದ ಆ ಹೊಲದ ಅನ್ನ ಉಂಡೀನಿ. ಈಗ ಅಕಿ ನನ್ನ ಕೇಳೋದು ವರ್ಷಕ್ಕೊಂದು ಊಟ. ಅದನ್ನೂ ತಪ್ಪಿಸಿದ್ರ ನಾ ಯಾವ ಬಾಯಾಗ ಉಣ್ಲಿ ಹೇಳ್ರಿ?"

ನನ್ನ ಬಳಿ ಇನ್ನೊಂದು "ನೋಡೋಣ" ಇತ್ತು. ಆದರೆ ಅದನ್ನು ಖರ್ಚು ಮಾಡಲಿಲ್ಲ. ಗೌರವ್ವನ ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಅವರು ಒರೆಸಿಕೊಳ್ಳಲೂ ಇಲ್ಲ. ನನ್ನ ತಾಯಿಯನ್ನೇ ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸಿದ ಹಾಗಾಗಿ ನನಗೆ ನಾಚಿಕೆಯಾಯಿತು. ಸೀದಾ ಮ್ಯಾನೇಜರ ಕೋಣೆಗೆ ಹೋದೆ.

ಅವರು ಎಲ್ಲ ಕೇಳಿಕೊಂಡು, "ಪ್ಲಾಂಟ್ ಒಳಗೆ ಅಡುಗೆ ಎಸೀತಾರಾ?" ಎಂದರು.

"ಎಸೆಯೋದಲ್ಲ ಸಾರ್. ಊಟಕ್ಕೆ ಹಾಕೋದು. ಭೂಮಿ ಬಸುರಿ ಅಂತ ನಮ್ಮ ಕಡೆ."

ಮ್ಯಾನೇಜರು ಪೆನ್ನನ್ನು ಮೇಜಿನ ಮೇಲಿಟ್ಟರು. "ನನ್ನ ಮಗಳೂ ಈಗ ಹಾಗೇ ಇದಾಳೆ ಕಣ್ರೀ. ಸೀಮಂತಕ್ಕೂ ಹೋಗಕ್ಕಾಗ್ಲಿಲ್ಲ ನನಗೆ, ಇಲ್ಲಿ ಆಡಿಟ್ ಇತ್ತು" ಎಂದರು. ಮತ್ತೆ ತಕ್ಷಣ ಮ್ಯಾನೇಜರಾಗಿ, "ಆಯ್ತು, ಬರ್ಲಿ. ಆದ್ರೆ ಹೆಲ್ಮೆಟ್, ಶೂ ಕಡ್ಡಾಯ" ಎಂದರು.

ಹುಣ್ಣಿಮೆಯ ಬೆಳಿಗ್ಗೆ ಗೇಟಿನಲ್ಲಿ ಮೊದಲ ತೊಡಕು ಎದುರಾಯಿತು. ಭೂಮಿಯ ಊಟ ಒಯ್ಯುವುದು ಭೂಮಣ್ಣಿ ಬುಟ್ಟಿಯಲ್ಲಿ, ಕೆಮ್ಮಣ್ಣು ಬಳಿದು ಬಿಳಿಯ ಚಿತ್ತಾರ ಬರೆದ ಬುಟ್ಟಿ. ಅದನ್ನು ತಲೆಯ ಮೇಲೆಯೇ ಹೊರಬೇಕು, ಬರಿಗಾಲಲ್ಲೇ ನಡೆಯಬೇಕು. ಹೆಲ್ಮೆಟ್ಟನ್ನೂ ತಲೆಯ ಮೇಲೆಯೇ ಇಡಬೇಕು. ಗೌರವ್ವನಿಗೆ ಇದ್ದದ್ದು ಒಂದೇ ತಲೆ. ಹೆಲ್ಮೆಟ್ ಹಾಕಿ ಅದರ ಮೇಲೆ ಬುಟ್ಟಿ ಇಟ್ಟು ನೋಡಿದೆವು, ಜಾರಿತು. ಗೇಟಿನ ಕಾವಲುಗಾರ ನಿಯಮ ಬಿಡಲೊಲ್ಲ, ಗೌರವ್ವ ಬುಟ್ಟಿ ಇಳಿಸಲೊಲ್ಲರು. ಕೊನೆಗೆ ಹಾಲಪ್ಪನವರೇ ದಾರಿ ತೋರಿಸಿದರು: ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಹೆಲ್ಮೆಟ್. ಬೂಟುಗಳನ್ನು ಕೈಯಲ್ಲಿ ಹಿಡಿದುಕೊಳ್ಳುವುದು. ಬೇಕಾದ ವಸ್ತುಗಳೆಲ್ಲ ಇವೆ ಎಂದು ಕಾವಲುಗಾರ ಸಮಾಧಾನದಿಂದ ಗೇಟು ತೆಗೆದ.

ಎರಡನೆಯ ತೊಡಕು ಟವರಿನ ಬುಡದಲ್ಲಿ. ಗೌರವ್ವ ಬುಟ್ಟಿ ಇಳಿಸಿ ಸುತ್ತ ನೋಡಿದರು.

"ಮಣ್ಣೆಲ್ಲೈತ್ರೀ?"

ಮಣ್ಣು ಇರಲಿಲ್ಲ. ಒಳಗೆ ಬಿಡಿಸುವ ಗಡಿಬಿಡಿಯಲ್ಲಿ ಕಾಂಕ್ರೀಟಿನ ವಿಷಯ ನಮಗ್ಯಾರಿಗೂ ನೆನಪಾಗಿರಲಿಲ್ಲ. ಎಡೆ ಹೂಳಲು ಬೇಕಾದದ್ದು ಒಂದು ಗೇಣು ಜಾಗ. ನಾನು, ಮ್ಯಾನೇಜರು, ಹಾಲಪ್ಪ ಮೂವರೂ ಬಗ್ಗಿಕೊಂಡು, ಕಳೆದ ಉಂಗುರ ಹುಡುಕುವವರಂತೆ ಟವರಿನ ಸುತ್ತ ಹುಡುಕಿದೆವು. ಕಾಂಟ್ರ್ಯಾಕ್ಟರು ಅಪರೂಪಕ್ಕೆ ಪ್ರಾಮಾಣಿಕವಾಗಿ ಕೆಲಸ ಮಾಡಿದ್ದ, ಕಾಂಕ್ರೀಟಿನಲ್ಲಿ ಒಂದು ಬಿರುಕೂ ಇರಲಿಲ್ಲ. ಮ್ಯಾನೇಜರು ಏನೋ ಹೊಳೆದು, ಆಫೀಸಿನ ಮುಂದಿನ ಕ್ರೋಟನ್ ಗಿಡದ ಕುಂಡವನ್ನು ತರಿಸಿ ಗೌರವ್ವನ ಮುಂದೆ ಇಟ್ಟರು.

ಗೌರವ್ವ ಕುಂಡವನ್ನು ನೋಡಿದರು, ಮ್ಯಾನೇಜರನ್ನು ನೋಡಿದರು. "ಬಸುರೀನ ತಂದು ಕುಂಡದಾಗ ಕುಂದ್ರಿಸ್ತೀರೇನ್ರೀ ಸಾಹೇಬ್ರ?"

ಮ್ಯಾನೇಜರು ಕುಂಡವನ್ನು ತಾವೇ ಪಕ್ಕಕ್ಕೆ ಸರಿಸಿದರು.

"ಎಡಿ ಆಮ್ಯಾಲೆ ನೋಡಾಣ, ಚರಗ ಚೆಲ್ಲಿಬಿಡ್ತೀನಿ. ಎಲ್ಲಿ ಬಿದ್ರೂ ಅಕೀಗೇ ಮುಟ್ತೈತಿ" ಎಂದು ಹಾಲಪ್ಪ ಚರಗದ ಪಾತ್ರೆ ಕೈಗೆ ತೆಗೆದುಕೊಂಡರು. ಬಿಡುತ್ತಾರೋ ಇಲ್ಲವೋ ಎಂಬ ದಿಗಿಲಿನಲ್ಲಿ ಗೌರವ್ವ ಆ ವರ್ಷ ಎಂದಿಗಿಂತ ಹೆಚ್ಚೇ ಬೇಯಿಸಿ ತಂದಿದ್ದರು. ಹಾಲಪ್ಪ ಭೂತಾಯಿಯನ್ನು ಕೂಗಿ ಕರೆಯುತ್ತ ಚೆಲ್ಲತೊಡಗಿದರು. ಎರಡು ಹಿಡಿ ಚೆಲ್ಲಿ, ಮ್ಯಾನೇಜರಿಗೂ ಪಾತ್ರೆ ಒಡ್ಡಿ, "ನೀವೂ ಚೆಲ್ರಿ ಸಾಹೇಬ್ರ, ಈಗ ನಿಮ್ದೂ ಹೊಲಾನ" ಎಂದರು.

ಅಲ್ಲಿ ನಾನು ಬಾಯಿಬಿಡಬೇಕಿತ್ತು. ಟವರಿನ ನೆತ್ತಿಯಲ್ಲಿ ದೊಡ್ಡ ದೊಡ್ಡ ಫ್ಯಾನುಗಳಿವೆ, ಅವು ಪಕ್ಕದಿಂದ ಗಾಳಿಯನ್ನು ಎಳೆದು ಮೇಲಕ್ಕೆ ಬಿಡುತ್ತವೆ. ಹತ್ತಿರ ನಿಂತರೆ ಅಂಗಿಯ ಚುಂಗನ್ನೂ ಎಳೆಯುತ್ತವೆ. ಇದು ತಿಳಿದಿದ್ದವನು ಅಲ್ಲಿ ನಾನೊಬ್ಬನೇ ಅಲ್ಲ, ಮ್ಯಾನೇಜರಿಗೂ ಗೊತ್ತಿತ್ತು. ಆದರೆ ಮ್ಯಾನೇಜರು ಆಗ ಮ್ಯಾನೇಜರಾಗಿ ಉಳಿದಿರಲಿಲ್ಲ. ಸೀಮಂತಕ್ಕೆ ಹೋಗಲಾಗದ ತಂದೆ ಮಗಳಿಗೆ ಬಡಿಸುತ್ತಿದ್ದರು. ಕಾಲೇಜಿನಲ್ಲಿ ಕ್ರಿಕೆಟ್ ಆಡಿದ ತೋಳು ಬೇರೆ. ಹಿಡಿ ಹಿಡಿಯಾಗಿ ಟವರಿನ ಕಡೆಗೇ ಬೀಸಿದರು. ಸೊಪ್ಪಿನ ಚೂರುಗಳೂ ಅನ್ನದ ಅಗಳೂ ಗಾಳಿಯಲ್ಲೇ ತಿರುಗಿ ಟವರಿನ ಪಕ್ಕದ ಪಟ್ಟಿಗಳ ಸಂದಿಯಲ್ಲಿ ಸುಂಯ್ಯನೆ ಒಳಗೆ ಹೋದವು.

"ನೋಡ್ರಿ ನೋಡ್ರಿ, ಹೆಂಗೆ ಎಳ್ಕೊಳ್ತಾಳೆ! ಎಷ್ಟು ಹಸಿದಿದ್ಲೋ ಪಾಪ!" ಎಂದು ಮ್ಯಾನೇಜರು ಕೂಗಿದರು. ಅವರ ಕನ್ನಡಕ ಮಂಜಾಗಿತ್ತು. ಅದು ನೀರಾವಿಯಿಂದಲೋ ಬೇರೆಯದರಿಂದಲೋ ಹೇಳಲಾರೆ. ಅಂಥ ಹೊತ್ತಿನಲ್ಲಿ ಫ್ಯಾನಿನ ವಿಷಯ ಎತ್ತಲು ನನಗೆ ಮನಸ್ಸು ಬರಲಿಲ್ಲ.

ಒಳಗೆ ಹೋದ ಚರಗ ಟವರಿನ ಕೆಳಗಿನ ತೊಟ್ಟಿಗೆ ಬಿತ್ತು. ತೊಟ್ಟಿಯಿಂದ ಪಂಪಿಗೆ ಹೋಗುವ ದಾರಿಯಲ್ಲಿ ಒಂದು ಜರಡಿ ಇದೆ. ಆ ಜರಡಿಗೆ ಪಾಚಿ ಕಟ್ಟಿದೆ, ತೊಳೆಯಬೇಕು ಎಂದು ಹುಡುಗರು ಕೆಲವು ದಿನಗಳಿಂದ ಹೇಳುತ್ತಿದ್ದರು. ನಾನು ನೋಡೋಣ ಎಂದಿದ್ದೆ. ಅರ್ಧ ಕಟ್ಟಿದ್ದ ಜರಡಿಗೆ ಬೆಂದ ಹರಿವೆ ಸೊಪ್ಪು, ಹೀರೆ ಕುಡಿ, ಕುಂಬಳದ ಎಲೆ ಚೆನ್ನಾಗಿ ಮೆತ್ತಿಕೊಂಡವು. ಪಂಪು ಕೆಮ್ಮಿತು. ನೀರು ಸಾಲದಾಯಿತು, ಹಬೆ ಆರಲಿಲ್ಲ, ಉಂಡವರು ಏಳಲಿಲ್ಲ. ಗಂಟೆ ಹೊಡೆದುಕೊಂಡಿತು, ಟರ್ಬೈನು ನಿಂತೇಬಿಟ್ಟಿತು. ಅದರ ಹಿಂದೆಯೇ ಫ್ಯಾನುಗಳೂ ನಿಂತವು.

ಮ್ಯಾನೇಜರ ಫೋನು ಬಡಿದುಕೊಂಡಿತು. ಹೆಡ್ಡಾಫೀಸು. ಏನು ಸಿಕ್ಕಿಕೊಂಡಿದೆ ಎಂದು ಅತ್ತಲಿಂದ ಕೇಳುತ್ತಿದ್ದದ್ದು ನಮಗೂ ಕೇಳಿಸುತ್ತಿತ್ತು. ಮ್ಯಾನೇಜರು ಕೈಗೆ ಅಂಟಿದ್ದ ಸೊಪ್ಪನ್ನೇ ನೋಡುತ್ತ, "ಬಯೋಮಾಸ್ ಸಾರ್" ಎಂದರು. ಸುಳ್ಳೆಂದು ಯಾರೂ ಹೇಳುವಂತಿರಲಿಲ್ಲ. ಸುತ್ತಮುತ್ತಲಿನ ಬೆಳೆಯ ಕಸವನ್ನೇ ನಂಬಿ ನಡೆಯುವ ಸ್ಥಾವರ ನಮ್ಮದು, ಅದನ್ನು ಬಾಯ್ಲರಿನ ಬಾಯಿ ಬಿಟ್ಟು ಟವರಿನ ಬಾಯಿಗೆ ಹಾಕಿದ್ದೆವು ಅಷ್ಟೆ. ಊರವರಿಗೆ ತೊಂದರೆಯಾಯಿತಲ್ಲ ಎಂದು ನಾನು ಪೇಚಾಡಿದರೆ ಹಾಲಪ್ಪ, "ನಮ್ಮೂರಾಗ ಬೆಳಿಗ್ಗಿಂದ್ಲೇ ಕರೆಂಟಿಲ್ಲ ಬಿಡ್ರಿ, ಲೈನಿನ ಕೆಲ್ಸ ಐತಂತ" ಎಂದು ಸಮಾಧಾನ ಹೇಳಿದರು.

ಜರಡಿ ಬಿಡಿಸಿ ತೊಳೆದರು. ಮತ್ತೆ ಕಟ್ಟಿತು. ತೊಟ್ಟಿಯ ತುಂಬ ಚರಗ ತೇಲುತ್ತಿತ್ತು. ಹೇಗೂ ನಿಂತಿದೆ, ತೊಟ್ಟಿಯ ನೀರನ್ನೆಲ್ಲ ಹೊರಬಿಟ್ಟು ಶುದ್ಧ ಮಾಡಿಯೇ ಚಾಲೂ ಮಾಡೋಣ ಎಂದು ಮ್ಯಾನೇಜರು ತೀರ್ಮಾನಿಸಿದರು. ಎಡೆ ಮಾತ್ರ ಬುಟ್ಟಿಯಲ್ಲೇ ಇತ್ತು. ಹಾಲಪ್ಪ ಹೊಸ ಹೊಲಕ್ಕೆ ಹೋಗಿ ಅಲ್ಲೇ ಹೂಳೋಣ ಎಂದು ಕರೆದರು. ಗೌರವ್ವ ಏಳಲಿಲ್ಲ.

"ಆ ಹೊಲಕ್ಕ ಬ್ಯಾರೆ ಮಾಡಿಟ್ಟೀನಿ. ನೀವು ಹೋಗಿ ಉಣಿಸ್ರಿ. ಇದು ಈಕೀದು."

ಹಾಲಪ್ಪ ಹೋದರು. ಗೌರವ್ವ ತೊಟ್ಟಿಯ ಕಟ್ಟೆಗೆ ಒರಗಿ ಬುಟ್ಟಿಯನ್ನು ಮಡಿಲ ಹತ್ತಿರ ಇಟ್ಟುಕೊಂಡು ಕೂತರು. ನೀರು ಇಳಿಯುವುದಕ್ಕೆ ಬಹಳ ಹೊತ್ತು ಬೇಕು. ಬಿಸಿಲು ಏರಿತು. ಗಿರ್ರೆನ್ನುವ ಸದ್ದಿಲ್ಲದ ನಮ್ಮ ಸ್ಥಾವರವನ್ನು ನಾನು ಅಷ್ಟು ಹೊತ್ತು ಕೇಳಿದ್ದು ಅದೇ ಮೊದಲು. ಗೋಡೆಯಾಚೆ ಯಾರದೋ ಗದ್ದೆಯಲ್ಲಿ ಬೆಳ್ಳಕ್ಕಿ ಕೂಗುತ್ತಿತ್ತು.

"ಈಗ ಚಲೋ ಆತು ನೋಡ್ರಿ" ಎಂದರು ಗೌರವ್ವ. "ಬಸುರಿ ಉಣ್ಣಾಕ ಕುಂತ ಮನ್ಯಾಗ ಇಷ್ಟು ಸದ್ದು ಇರಬಾರ್ದು."

ಮಧ್ಯಾಹ್ನ ನಾನು ಒಂದು ಲೋಟ ನೀರು ತಂದುಕೊಟ್ಟೆ. ಕುಡಿಯಲಿಲ್ಲ. "ಅಕಿ ಉಣ್ಣದ ನಾ ಹೆಂಗ ಕುಡೀಲಿ ಸಾರ್" ಎಂದರು. ಹಟದ ದನಿಯಲ್ಲ, ಮಕ್ಕಳಿಗೆ ಹೇಳುವ ದನಿ. ರಾತ್ರಿಯಿಡೀ ಒಲೆಯ ಮುಂದೆ ಕೂತವರು, ಬೆಳಿಗ್ಗೆಯಿಂದ ಬಾಯಿಗೆ ಹನಿ ಹಾಕದವರು. ಒಳಗೆ ಬಿಡಿಸಿ ಪುಣ್ಯ ಕಟ್ಟಿಕೊಂಡೆ ಎಂದು ಬೆಳಿಗ್ಗೆ ನಾನು ಬೀಗುತ್ತಿದ್ದೆ. ಬಿಟ್ಟದ್ದು ಒಳಗೆ, ಆದರೆ ಉಣಿಸಲು ಭೂಮಿಯೇ ಇಲ್ಲದ ಕಡೆಗೆ. ಇದಕ್ಕಿಂತ ಗೇಟಿನಲ್ಲೇ ಇಲ್ಲ ಎಂದಿದ್ದರೆ ಅವರು ನಮ್ಮನ್ನು ಶಪಿಸಿ ಮನೆಗೆ ಹೋಗಿ ಮಲಗಿರುತ್ತಿದ್ದರು. ನಾನೂ ಊಟದ ಡಬ್ಬಿ ಬಿಚ್ಚಲಿಲ್ಲ. ಮ್ಯಾನೇಜರೂ ಕ್ಯಾಂಟೀನಿಗೆ ಹೋಗಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಇಳಿಹೊತ್ತಿಗೆ ನೀರು ತಳ ಕಂಡಿತು. ಸಲಿಕೆ ಹಿಡಿದು 'ಹೂಳು ಎತ್ತೋಣ' ಎಂದು ಕೆಲಸದವರು ಇಳಿಯಲು ಸಿದ್ಧರಾದರು. ಗೌರವ್ವ ಎದ್ದು ನಿಂತು ಕಟ್ಟೆಯ ಮೇಲಿಂದ ಬಗ್ಗಿ ನೋಡಿದರು. ತೊಟ್ಟಿಯ ತಳದ ತುಂಬ ಕಪ್ಪಗೆ, ನುಣ್ಣಗೆ, ನೀರಾಡಿ ಬಿಟ್ಟ ಗದ್ದೆಯ ಹಾಗೆ, ಮಣ್ಣು ಮಲಗಿತ್ತು.

"ತಡೀರಪ್ಪಾ, ತಡೀರಿ" ಎಂದರು. ಸೆರಗು ಸಿಕ್ಕಿಸಿ, ಬುಟ್ಟಿಯಿಂದ ಎಡೆ ತೆಗೆದುಕೊಂಡು ಏಣಿ ಇಳಿದರು. ಮ್ಯಾನೇಜರು ಓಡಿಬಂದು ಏಣಿ ಹಿಡಿದರು, ಹೆಲ್ಮೆಟ್ಟಿನ ಮಾತೆತ್ತಲಿಲ್ಲ. ನಾನೂ ಹಿಂದೆಯೇ ಇಳಿದೆ.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಕೆಮಿಸ್ಟನ ಬಾಯಿ. ಆ ಹೂಳನ್ನು ನಾನು ಎಷ್ಟೋ ಸಲ ಪರೀಕ್ಷೆ ಮಾಡಿದ್ದೇನೆ. ತಿಳಿಯದೆ ಮೋಸ ಹೋಗಬಾರದಲ್ಲ ಎಂದು, ಅವರ ಒಳ್ಳೆಯದಕ್ಕೇ ಎಂದುಕೊಂಡು ಹೇಳಿದೆ: "ಗೌರವ್ವ, ಇದು ನಿಮ್ಮ ಹೊಲದ ಮಣ್ಣಲ್ಲ. ಅದು ಕಾಂಕ್ರೀಟಿನ ಕೆಳಗಿದೆ. ಇದು ಟವರಿಗೆ ಬಿಡೋ ನಾಲೆಯ ನೀರಲ್ಲಿ ಕೂಡಿ ಬಂದದ್ದು. ನೀರು ಆವಿಯಾಗಿ ಹೋಗುತ್ತೆ, ಇದು ಉಳಿಯುತ್ತೆ. ಮೇಲಿನ ಕಡೆ ಯಾರ ಯಾರ ಹೊಲದ್ದೋ, ಯಾವ ಗುಡ್ಡದ್ದೋ. ಬೆಳಿಗ್ಗೆ ಕುಂಡದ ಮಣ್ಣು ಬೇಡ ಅಂದಿರಿ."

ಗೌರವ್ವ ಮೊಣಕಾಲೂರಿ ಕೂತು, ಬರಿಗೈಯಲ್ಲಿ ಆ ಹೂಳಿನಲ್ಲಿ ಒಂದು ಕುಳಿ ತೋಡಿದರು. ಕಡುಬಿನ ಎಲೆ ಬಿಡಿಸಿ ಒಳಗಿಟ್ಟರು. ಹೋಳಿಗೆ ಇಟ್ಟರು, ಮೇಲೆ ತುಪ್ಪ ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಕುಂಡದಾಗಿಂದು ನೀವು ಹೊತ್ತು ತಂದದ್ದು. ಈಕಿ ತಾನಾಗೇ ಅಷ್ಟು ದೂರದಿಂದ ನಡಕೊಂಡು ಬಂದು ನಮ್ಮ ಹೊಲ್ದಾಗ ಕುಂತಾಳ. ಮನಿಗೆ ಬಂದ ಬಸುರೀನ ನಿಂದ್ಯಾವೂರವ್ವಾ ಅಂತ ಕೇಳಿ ಉಣ್ಣಾಕ ಇಡ್ತಾರೇನ್ರೀ ಸಾರ್?"